ಎರಡನೇ ಗುಂಡಿಯ ಎತ್ತರ

ಮಗರಪಟ್ಟಾದ ನಮ್ಮ ಕಟ್ಟಡದ ಕೆಳಗೆ ಇಸ್ತ್ರಿ ಮಾಡುವವಳು ನಿನ್ನೆ ಬಟ್ಟೆಯ ಗಂಟಿನ ಜೊತೆ ನನ್ನ ಅಂಗೈಯಲ್ಲಿ ಒಂದು ಬಿಳಿ ಗುಂಡಿ ಇಟ್ಟು, ‘ಕಾಕಾ, ಬಟಣ್ ತುಟ್ಲಂಯ್’ ಎಂದು ಮರಾಠಿಯಲ್ಲಿ ಹೇಳಿದಳು. ಅಂಗಿಯ ಗುಂಡಿ ಕಿತ್ತು ಬರುವುದು ದೊಡ್ಡ ಸುದ್ದಿಯೇನಲ್ಲ. ಆದರೆ ಕಿತ್ತದ್ದು ಮೇಲಿನಿಂದ ಎರಡನೆಯದು ಎಂದು ಕಂಡಾಗ ಫಕೀರಪ್ಪ ನೆನಪಾದರು.

ಯಾರು ಫಕೀರಪ್ಪ ಎನ್ನುತ್ತೀರಾ? ತಡೆಯಿರಿ, ಮೊದಲು ನನ್ನ ಹೊಟ್ಟೆಪಾಡಿನ ವಿಷಯ ಹೇಳಿಬಿಡುತ್ತೇನೆ. ಖರಾಡಿಯ ಒಂದು ಕಚೇರಿಯ ಏಳನೇ ಮಹಡಿಯಲ್ಲಿ ಕೂತು ನಾನು ಮರಗಳು ಎಷ್ಟು ಬೆಳೆದವು ಎಂದು ಲೆಕ್ಕ ಹಾಕುತ್ತೇನೆ. ನೆಡುತೋಪು ವರ್ಷಕ್ಕೆ ಎಷ್ಟು ಬೆಳೆಯುತ್ತದೋ ಅಷ್ಟನ್ನೇ ಕಡಿಯಬೇಕು. ಹೆಚ್ಚು ಕಡಿದರೆ ಮುಂದಿನವರ ಪಾಲಿಗೆ ಕೈ ಹಾಕಿದಂತೆ. ಆ ‘ಎಷ್ಟು’ ಎಂಬುದನ್ನು ಹೇಳುವುದು ನನ್ನ ಕೆಲಸ. ಹೀಗಾಗಿ ನೂರಾರು ಮೈಲಿ ದೂರದ ಮರಗಳ ಮೈಕಟ್ಟು ನನಗೆ ಗೊತ್ತು, ಎದುರು ಮನೆಯವರ ಹೆಸರು ಗೊತ್ತಿಲ್ಲ.

ಫಕೀರಪ್ಪ ಕಲಘಟಗಿ ಕಡೆಯ ಒಂದು ಸಾಗವಾನಿ ತೋಪಿನ ಕಾವಲುಗಾರರು. ಗುರುತು ಹಾಕಿದ ಮರಗಳಿಗೆ ಟೇಪು ಸುತ್ತಿ ಅಳೆದು, ವಾರಕ್ಕೊಂದಿಷ್ಟರಂತೆ ಶನಿವಾರ ಮಧ್ಯಾಹ್ನ ನನಗೆ ಫೋನಿನಲ್ಲಿ ಓದಿ ಹೇಳುತ್ತಿದ್ದರು. ಮೊದಲ ಮಾತು ಯಾವಾಗಲೂ ‘ಊಟ ಆತೇನ್ರಿ ಸಾಹೇಬ್ರ?’ ಆಮೇಲೆ ‘ಬರಕೋರಿ. ಹನ್ನೊಂದನೇ ಗಿಡ, ಎಪ್ಪತ್ತೆರಡೂವರಿ.’ ನಡುವೆ ತೋಪಿಗೆ ನವಿಲು ಬಂದದ್ದು, ಮೊಮ್ಮಗಳಿಗೆ ಹಲ್ಲು ಬಂದದ್ದು. ವಾರವೆಲ್ಲ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಅಲೆದ ನನ್ನ ನಾಲಿಗೆ ಆ ಅರ್ಧ ಗಂಟೆ ಮನೆಗೆ ಬರುತ್ತಿತ್ತು. ಅಳತೆಯನ್ನು ಮೊಬೈಲಿನಲ್ಲೇ ತುಂಬಿ ಕಳಿಸುವ ಆ್ಯಪ್ ಬಂದಾಗ, ‘ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ’ ಎಂದು ಮೇಲಿನವರಿಗೆ ನಾನೇ ಸುಳ್ಳು ಹೇಳಿದೆ. ಮದುವೆಯಾಗದೆ ಐವತ್ತು ದಾಟಿದ ಗಂಡಸು ಒಂದು ಫೋನಿಗಾಗಿ ಏನೆಲ್ಲ ಮಾಡುತ್ತಾನೆ ನೋಡಿ.

ಆರು ವರ್ಷ ಹೀಗೆ ನಡೆಯಿತು. ಆಮೇಲೆ ಲೇಸರ್ ಯಂತ್ರ ಬಂತು. ಅದನ್ನು ಬೆನ್ನಿಗೆ ಹಾಕಿಕೊಂಡು ತೋಪಿನಲ್ಲಿ ಒಂದು ಸುತ್ತು ಬಂದರೆ ಸಾಕು, ಪ್ರತಿ ಮರದ ದಪ್ಪ ಪರದೆಯ ಮೇಲೆ ಮೂಡುತ್ತದೆ. ಎರಡನ್ನೂ ಹೋಲಿಸಿ ನೋಡಿದೆ. ಫಕೀರಪ್ಪನವರ ಮರಗಳೆಲ್ಲ ಯಂತ್ರದ ಮರಗಳಿಗಿಂತ ದಪ್ಪ! ಹಳೆಯ ಅಳತೆಗಳನ್ನು ಕೆದಕಿದರೆ ಮೊದಲೆರಡು ವರ್ಷ ಸರಿಯಾಗಿದೆ, ಆಮೇಲೆ ವರ್ಷದಿಂದ ವರ್ಷಕ್ಕೆ ಯಾವ ಸಾಗವಾನಿಯೂ ಬೆಳೆಯಲಾರದ ವೇಗ. ಆ ಲೆಕ್ಕ ನಂಬಿ ಕಡಿಯುತ್ತ ಹೋಗಿದ್ದರೆ ತೋಪು ಬೋಳಾಗುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

‘ಖರೇ ಹೇಳ್ರಿ, ಗಿಡದ ತನಕ ಹೋಗ್ತೀರೋ, ಮನ್ಯಾಗ ಕುಂತ ಬರೀತೀರೋ?’ ಎಂದು ಆ ಶನಿವಾರ ಫೋನಿನಲ್ಲಿ ಕೇಳಿಯೇಬಿಟ್ಟೆ.

‘ಬಂದು ನೋಡ್ರಿ’ ಎಂದರು.

ಹೋದೆ. ಆರು ವರ್ಷದಲ್ಲಿ ಮೊದಲ ಸಲ ಅವರನ್ನು ಕಂಡೆ. ಮುಖಕ್ಕಿಂತ ಮೊದಲು ಕಂಡದ್ದು ಬೆನ್ನು. ಕುಡುಗೋಲಿನ ಹಾಗೆ ಬಾಗಿತ್ತು. ಅವರು ಮರಕ್ಕೆ ಎದೆ ಕೊಟ್ಟು ನಿಂತು, ಅಂಗಿಯ ಎರಡನೇ ಗುಂಡಿ ಎಲ್ಲಿ ತಾಕಿತೋ ಅಲ್ಲಿಗೇ ಟೇಪು ಸುತ್ತಿದರು. ಅಳೆಯಬೇಕಾದ್ದು ನೆಲದಿಂದ ನೂರ ಮೂವತ್ತೇಳು ಸೆಂಟಿಮೀಟರ್ ಮೇಲೆ. ಕೆಲಸಕ್ಕೆ ಸೇರಿದಾಗ ಕಲಿಸಿದವರು, ‘ಅದು ನಿಮ್ಮ ಎರಡನೇ ಗುಂಡಿಗೆ ಸರಿಯಾಗಿ ಬರುತ್ತದೆ’ ಎಂದಿದ್ದರಂತೆ. ಆಗ ಬರುತ್ತಿತ್ತು. ಆಮೇಲೆ ಬೆನ್ನು ಬಾಗುತ್ತ ಬಂತು, ಗುಂಡಿ ಕೆಳಗಿಳಿಯಿತು. ಮರ ಬುಡದ ಕಡೆ ದಪ್ಪವಲ್ಲವೇ, ಅಳತೆ ಏರಿತು. ಒಬ್ಬ ಮನುಷ್ಯ ಮುದುಕನಾಗುವುದನ್ನು ನಾನು ವಾರ ವಾರ ಬರೆದುಕೊಳ್ಳುತ್ತಿದ್ದೆ, ಒಂದು ದಿನವೂ ನನಗದು ತಿಳಿಯಲಿಲ್ಲ.

‘ನೀವೂ ನಿಂದರ್ರಿ, ನೋಡೂಣು’ ಎಂದು ನನ್ನನ್ನೂ ಮರಕ್ಕೆ ಒತ್ತಿ ನಿಲ್ಲಿಸಿದರು. ನೆಲದಿಂದ ಟೇಪು ಹಿಡಿದರೆ ನನ್ನ ಎರಡನೇ ಗುಂಡಿ ಸರಿಯಾಗಿ ನೂರ ಮೂವತ್ತೇಳಕ್ಕೆ ಬಂತು. ಅವರು ಟೇಪು ಮಡಚಿ ಕೈಯಲ್ಲಿ ಹಿಡಿದುಕೊಂಡರು.

‘ಒಂದು ಕೋಲು ಕಡಕೋತೀನ್ರಿ ಸಾಹೇಬ್ರ, ಅದನ್ನ ಹಚ್ಚಿ ಅಳೀತೀನಿ. ಹಿಂದಿಂದು ಸ್ವಲ್ಪ ಕಳದು ಬರಕೋರಿ. ಅಳಿಯೂದು ಮಾತ್ರ ಬಿಡಸಬ್ಯಾಡ್ರಿ.’

ಆಗುತ್ತಿತ್ತು. ಒಂದು ಕೋಲು, ಒಂದು ಸಣ್ಣ ಕಳೆಯುವ ಲೆಕ್ಕ, ಅಷ್ಟೇ ಬೇಕಾಗಿದ್ದದ್ದು. ಆದರೆ ವರದಿಯಲ್ಲಿ ನಾನು ಬರೆದದ್ದು ‘ಟೇಪಿನ ಅಳತೆ ನಂಬುವಂತಿಲ್ಲ’ ಎಂದು ಮಾತ್ರ. ಇಷ್ಟು ವರ್ಷ ತಪ್ಪು ಹಿಡಿಯದೆ ಕೂತವನು ನಾನೇ ಎಂದು ಬಯಲಾಗುವುದು ಬೇಡವಾಗಿತ್ತು. ಯಂತ್ರದ ಹಿಂದೆ ಅಡಗಿಕೊಂಡೆ. ತೋಪು ಉಳಿಯಿತು, ಅದು ನಿಜ. ಫಕೀರಪ್ಪನವರನ್ನು ಮಾತ್ರ ದನ ನುಗ್ಗದಂತೆ ಗೇಟು ಕಾಯಲು ಹಾಕಿದರು. ಶನಿವಾರದ ಫೋನು ನಿಂತಿತು. ನಾಚಿಕೆಯಿಂದ ನಾನೂ ಮಾಡಲಿಲ್ಲ. ಮೂರು ವರ್ಷವಾಯಿತು. ಯಂತ್ರ ಕೂದಲೆಳೆಯಷ್ಟೂ ತಪ್ಪದೆ ಅಳೆಯುತ್ತದೆ, ಆದರೆ ಊಟ ಆಯಿತೇ ಎಂದು ಕೇಳುವುದಿಲ್ಲ. ಒಂಟಿತನ ಕೆಟ್ಟದ್ದು, ಕೈಯಾರೆ ಮಾಡಿಕೊಂಡದ್ದಾದರೆ ಯಾರಿಗೂ ಹೇಳಿಕೊಳ್ಳಲೂ ಆಗುವುದಿಲ್ಲ.

ಇವತ್ತು ಬೆಳಿಗ್ಗೆ ಗುಂಡಿ ಹೊಲಿದು, ಅದೇ ಅಂಗಿ ತೊಟ್ಟು, ಹೊಲಿಗೆ ಡಬ್ಬಿಯ ಟೇಪನ್ನು ಜೇಬಿಗೆ ಹಾಕಿಕೊಂಡು ಉದ್ಯಾನಕ್ಕೆ ಇಳಿದೆ. ಅಲ್ಲೊಂದು ಬೇವಿನ ಮರವಿದೆ. ಅದಕ್ಕೆ ಎದೆ ಕೊಟ್ಟು ನಿಂತೆ. ವಾಕಿಂಗಿಗೆ ಬಂದವರು ನೋಡಿದರು. ಈ ಕಾಕಾನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಗುಂಡಿ ತಾಕಿದ ಜಾಗದಲ್ಲಿ ಮರದ ಸುತ್ತಳತೆ ತೆಗೆದೆ. ಆಮೇಲೆ ಅಲ್ಲಿಂದ ನೆಲದವರೆಗೆ ಅಳೆದೆ. ನೂರ ಮೂವತ್ತಮೂರು, ನಾಲ್ಕು ಕಡಿಮೆ. ಇನ್ನೊಮ್ಮೆ ಅಳೆದೆ, ಅಷ್ಟೇ ಬಂತು.

ಶನಿವಾರವೂ ಆಗಿತ್ತು. ಮಧ್ಯಾಹ್ನದವರೆಗೆ ಕಾದು ಫೋನು ಮಾಡಿದೆ. ಎತ್ತಲಿಕ್ಕಿಲ್ಲ ಎಂದುಕೊಂಡಿದ್ದೆ, ಎತ್ತಿದರು. ಕ್ಷಮೆ ಕೇಳಲೆಂದು ಬಾಯಿಪಾಠ ಮಾಡಿಕೊಂಡಿದ್ದ ಮಾತು ಒಂದೂ ಬರಲಿಲ್ಲ.

‘ಬರಕೋರಿ, ಫಕೀರಪ್ಪನವರ. ಬೇವಿನ ಗಿಡ, ತೊಂಬತ್ತೊಂದೂವರಿ’ ಎಂದೆ.

‘ಕೋಲು ಹಚ್ಚೀರೇನ್ರಿ?’

‘ಇಲ್ರಿ. ಎರಡನೇ ಗುಂಡಿ.’

‘ಹಂಗಾರ ಸ್ವಲ್ಪ ಕಳದು ಬರಕೋತೀನ್ರಿ ಸಾಹೇಬ್ರ’ ಎಂದರು ಫಕೀರಪ್ಪ. ‘ಊಟ ಆತೇನ್ರಿ?’