ಅಂಟಕ್ಕನ ‘ಪರವಾಗಿಲ್ಲ’

ಯಾವ ಪುಸ್ತಕ ಓದಬೇಕು ಎಂದು ಕೇಳುವುದಕ್ಕೆ ಆ ಲೈಬ್ರರಿಯಲ್ಲಿ ಯಾರೂ ಮುಂಬಾಗಿಲಿನ ಕೌಂಟರಿಗೆ ಹೋಗುತ್ತಿರಲಿಲ್ಲ. ಅಲ್ಲಿ ಒಂದು ಕಂಪ್ಯೂಟರ್ ಇತ್ತು, ಅಷ್ಟೆ. ಕೇಳುವವರು ಓದುವ ಹಾಲನ್ನು ದಾಟಿ, ಕುಡಿಯುವ ನೀರಿನ ನಲ್ಲಿಯ ಪಕ್ಕದಲ್ಲಿದ್ದ ಸಣ್ಣ ಕಿಟಕಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಕಿಟಕಿಯ ಆಚೆ ಅಂಟಕ್ಕ ಇರುತ್ತಿದ್ದಳು.

ಹೆಸರು ಬೇರೆ ಏನೋ ಇದ್ದಿರಬೇಕು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅದನ್ನು ಕಂಡವರಿಲ್ಲ. ಹರಿದು ಬಂದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಬೆನ್ನಿಗೆ ಅಂಟು ಸವರಿ, ಬಟ್ಟೆ ಎಳೆದು ಕೂರಿಸಿ, ಮರದ ಪ್ರೆಸ್ಸಿನಲ್ಲಿ ಒತ್ತಿಟ್ಟು ಮತ್ತೆ ಕಪಾಟಿಗೆ ಕಳಿಸುವುದು ಅವಳ ಕೆಲಸ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕೋಣೆ, ಅದೇ ಮೇಜು. ಅಂಟು ಒಣಗುವುದಕ್ಕೆ ಮೂರು ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತು ಕೈ ಕಟ್ಟಿ ಕೂರುವುದಕ್ಕೆ ಅವಳೇನು ಗೊಂಬೆಯೇ? ಪಕ್ಕದ ಪುಸ್ತಕ ಎತ್ತಿಕೊಂಡು ಓದುತ್ತಿದ್ದಳು. ಹಾಗೆ ಓದಿ ಓದಿ ಇಡೀ ಲೈಬ್ರರಿಯನ್ನೇ ಹೊಟ್ಟೆಗೆ ಹಾಕಿಕೊಂಡಿದ್ದಳು.

ಓದದಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು ಬಿಡಿ. ಪುಸ್ತಕದ ಅಂಚನ್ನು ಬೆಳಕಿಗೆ ಹಿಡಿದು, “ನೋಡಿ, ಅರವತ್ತನೇ ಪುಟದ ತನಕ ಕೊಳೆ, ಆಮೇಲೆ ಹಾಲಿನಷ್ಟು ಬಿಳುಪು. ಅರವತ್ತಕ್ಕೆ ಎಲ್ಲರೂ ಕೈ ತೊಳ್ಕೊಂಡಿದ್ದಾರೆ. ನೀವೂ ಯಾಕೆ ಹೋಗಿ ಬೀಳ್ತೀರಿ?” ಎನ್ನುತ್ತಿದ್ದಳು. ಕೊನೆಯ ಪುಟದವರೆಗೂ ಒಂದೇ ಸಮ ಕೊಳೆ ಹಿಡಿದ ಪುಸ್ತಕವಾದರೆ ಅವಳ ದನಿಯೇ ಬದಲಾಗುತ್ತಿತ್ತು.

ಅವಳ ತೀರ್ಪು ಮೂರೇ ಮೂರು. ಕೆಟ್ಟ ಪುಸ್ತಕಕ್ಕೆ “ಬೇಡ”. ನಡುವಿನದಕ್ಕೆ “ಟೈಮ್ ಇದ್ರೆ ನೋಡಿ”. ಜೀವಕ್ಕೆ ಜೀವವಾದ ಪುಸ್ತಕಕ್ಕೆ, ಅದೂ ಕತ್ತನ್ನು ಒಂದು ಚೂರು ವಾಲಿಸಿ, “ಪರವಾಗಿಲ್ಲ”. ಅಷ್ಟೇ. ಅದಕ್ಕಿಂತ ಮೇಲಿನ ಮಾತು ಅವಳ ಬಾಯಿಂದ ಯಾರೂ ಕೇಳಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ, ಅವನು ಲಿಫ್ಟ್ ರಿಪೇರಿ ಮಾಡುವವನು, ಹೊಸ ಅಂಗಿ ಹಾಕಿಕೊಂಡು ಹೇಗಿದ್ದೇನೆ ಎಂದು ಕೇಳಿ “ಪರವಾಗಿಲ್ಲ” ಅನ್ನಿಸಿಕೊಂಡು ಎರಡು ದಿನ ಮುಖ ಊದಿಸಿಕೊಂಡಿದ್ದ. ಅದು ಚಿನ್ನದ ಪದಕ ಎಂದು ಅವನಿಗೆ ಅರ್ಥವಾಗಲು ವರ್ಷ ಹಿಡಿಯಿತು.

ಅವಳಿಗೆ ಕೆಲಸ ಕಲಿಸಿದ ಹಳೆಯ ಬೈಂಡರ್ ತಾತ ಹೇಳಿದ್ದನಂತೆ: “ಪುಸ್ತಕಾನ ಹೊಗಳಿ ಕೊಟ್ರೆ ಓದೋನು ಹೊಗಳಿಕೇನೇ ಹುಡುಕ್ತಾ ಕೂರ್ತಾನೆ. ಕಮ್ಮಿ ಹೇಳು, ಅವನೇ ಜಾಸ್ತಿ ಕಂಡ್ಕೊಳ್ಲಿ.” ಅದನ್ನು ಅಂಟಕ್ಕ ಚಾಚೂ ತಪ್ಪದೆ ಪಾಲಿಸಿದ್ದಳು. ಓದುಗರಿಗೂ ಅದು ರೂಢಿಯಾಗಿತ್ತು. ಕಿಟಕಿಯಲ್ಲಿ “ಪರವಾಗಿಲ್ಲ” ಎಂಬ ಮಾತು ಬಿದ್ದರೆ ಸಾಕು, ಸಾಲಿನಲ್ಲಿ ಹಿಂದೆ ನಿಂತವರು “ಇವರಾದ್ಮೇಲೆ ನಂಗೆ” ಎಂದು ಕೈ ಎತ್ತುತ್ತಿದ್ದರು.

ಇದ್ಯಾವುದೂ ಗೊತ್ತಿಲ್ಲದ ಒಬ್ಬರು ಬಂದರು. ಹೊಸ ಲೈಬ್ರೇರಿಯನ್. ಪಾಪದ ಮನುಷ್ಯ, ಬಾಗಿಲು ತಳ್ಳುವಾಗ ಬಾಗಿಲಿಗೇ ಕ್ಷಮಿಸಿ ಅನ್ನುವ ಜಾತಿ. ಪೂರ್ವದ ಗೋಡೆಗೆ ತೇವ ಏರಿ ಅಲ್ಲಿನ ಕಪಾಟುಗಳನ್ನು ತೆಗೆಸಬೇಕಾಗಿತ್ತು. ಜಾಗ ಸಾಲದು, ಹಳೆಯ ಪುಸ್ತಕಗಳಲ್ಲಿ ಒಂದಷ್ಟು ರದ್ದಿಗೆ ಹಾಕಿ ಎಂದು ಮೇಲಿನ ಕಚೇರಿ ಬರೆದಿತ್ತು. ಹೊಲಿಗೆ ಹಾಕಿಸಿಕೊಂಡ ಹಳೆಯ ಪುಸ್ತಕಗಳ ಪಟ್ಟಿ ಹಿಡಿದುಕೊಂಡು ಅವರು ಒಂದು ಮಧ್ಯಾಹ್ನ ಅಂಟಕ್ಕನ ಕೋಣೆಗೆ ಬಂದರು. ರಿಪೇರಿ ಮಾಡಿದವಳ ಮುಂದೆಯೇ ‘ರದ್ದಿ’ ಎಂಬ ಮಾತಾಡಲು ಅವರಿಗೆ ನಾಲಗೆ ಏಳಲಿಲ್ಲ.

“ಅಕ್ಕಾ, ಇವೆಲ್ಲ ನಿಮ್ಮ ಕೈ ದಾಟಿ ಹೋಗಿರೋ ಪುಸ್ತಕ. ಒಂದೊಂದೇ ಹೆಸರು ಓದ್ತೀನಿ. ಮುಲಾಜಿಲ್ದೆ ಹೇಳ್ಬಿಡಿ” ಎಂದರು.

ಅಂಟಕ್ಕ ಅವರಿಗೆ ಬೆನ್ನು ಹಾಕಿ ಅಂಟು ಸವರುತ್ತಿದ್ದಳು. ಪಟ್ಟಿಯ ತಲೆಯ ಮೇಲೆ ‘ತೆಗೆಯಬಹುದೇ?’ ಎಂದು ಬರೆದಿದ್ದನ್ನು ಅವಳು ನೋಡಲೇ ಇಲ್ಲ. ಅವರು ಒಂದು ಹೆಸರು ಓದಿದರು. “ಬೇಡ” ಎಂದಳು. ಇನ್ನೊಂದು ಓದಿದರು. “ಪರವಾಗಿಲ್ಲ” ಎಂದಳು. ಹಾಗೇ ತೊಂಬತ್ತು ಪುಸ್ತಕ ಮುಗಿಯಿತು. ಹೋಗುವಾಗ ಲೈಬ್ರೇರಿಯನ್ನರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ನಿಮ್ಮದು ದೊಡ್ಡ ಮನಸ್ಸು ಅಕ್ಕಾ. ಇಷ್ಟು ಸುಲಭವಾಗಿ ಹೇಳ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ” ಎಂದರು.

ಮನೆಗೆ ಬಂದ ಅಂಟಕ್ಕನ ಕಾಲು ನೆಲದ ಮೇಲಿರಲಿಲ್ಲ. “ಆ ಕುರ್ಚಿಗೆ ಐದು ಜನ ಬಂದು ಹೋದ್ರು. ನನ್ನ ಮಾತು ಕೇಳಿದ್ದು ಇವರೊಬ್ಬರೇ” ಎಂದು ಗಂಡನ ಮುಂದೆ ಕೊಚ್ಚಿಕೊಂಡಳು.

ಶುಕ್ರವಾರ ಮಧ್ಯಾಹ್ನ ಕೈ ತೊಳೆಯಲು ಹೊರಗೆ ಬಂದರೆ ಮೆಟ್ಟಿಲ ಕೆಳಗೆ ನಾಲ್ಕು ಮೂಟೆ. ಒಂದರ ಬಾಯಿ ಸಡಿಲವಾಗಿ ಒಂದು ಪುಸ್ತಕದ ಬೆನ್ನು ಇಣುಕುತ್ತಿತ್ತು. ಹಸಿರು ಬಟ್ಟೆ, ಅವಳದೇ ಹೊಲಿಗೆ. ಅಂಟಕ್ಕ ಒದ್ದೆ ಕೈಯಲ್ಲೇ ಮೂಟೆ ಬಿಚ್ಚಿದಳು. ಒಂದು, ಎರಡು, ಹತ್ತು... ಅವಳು ‘ಪರವಾಗಿಲ್ಲ’ ಎಂದ ಮೂವತ್ತೆಂಟೂ ಅಲ್ಲಿದ್ದವು. ನಾಲ್ಕನೆಯ ಮೂಟೆಯ ತಳದಲ್ಲಿ, ಕಂದು ಬಟ್ಟೆಯ ಒಂದು ತೆಳ್ಳನೆ ಕಾದಂಬರಿ. ಅದನ್ನು ಕಂಡದ್ದೇ ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಎತ್ತಿಕೊಂಡಳು. ಉಳಿದವನ್ನೆಲ್ಲ ಕಿಟಕಿಯಲ್ಲಿ ಹಂಚುತ್ತಿದ್ದವಳು ಅದೊಂದನ್ನು ಮಾತ್ರ ಯಾರಿಗೂ ಕೊಟ್ಟವಳಲ್ಲ. ಕಪಾಟಿನ ಕೆಳಗಿನ ಹಲಗೆಯ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟಿದ್ದಳು.

ಸೀದಾ ಲೈಬ್ರೇರಿಯನ್ನರ ಕೋಣೆಗೆ ನುಗ್ಗಿದಳು. “ಏನ್ ಮಾಡ್ಬಿಟ್ರಿ ನೀವು?”

“ನೀವೇ ಅಂದ್ರಲ್ಲ ಅಕ್ಕಾ, ತೆಗೆದ್ರೆ ಪರವಾಗಿಲ್ಲ ಅಂತ!”

“ಅಯ್ಯೋ ನಿಮ್ಮ! ಪರವಾಗಿಲ್ಲ ಅಂದ್ರೆ ಪರವಾಗಿಲ್ಲ ಅಂತ!”

“ನಾನೂ ಅದನ್ನೇ ಬರ್ಕೊಂಡಿದ್ದು.”

“ಹಾಗಾದ್ರೆ ಬೇಡ ಅಂದಿದ್ದು?”

“ತೆಗೆಯೋದು ಬೇಡ ಅಂದ್ರಿ. ಅದಕ್ಕೇ ಅವನ್ನೆಲ್ಲ ಜೋಪಾನವಾಗಿ ಹಾಲಿಗೆ ಶಿಫ್ಟ್ ಮಾಡ್ಸಿದ್ದೀನಿ.”

ಅಂಟಕ್ಕ ತಲೆಯ ಮೇಲೆ ಕೈ ಹೊತ್ತುಕೊಂಡಳು. ಯಾರೂ ಅರವತ್ತನೇ ಪುಟ ದಾಟದ ಪುಸ್ತಕಗಳೆಲ್ಲ ಹಾಲಿನ ನಡುಮಧ್ಯೆ ಮೆರೆಯುತ್ತಿದ್ದವು. ವಿಷಯ ಅರ್ಥವಾದಾಗ ಲೈಬ್ರೇರಿಯನ್ನರ ಮುಖವೂ ಬಿಳುಚಿಕೊಂಡಿತು. ಪಟ್ಟಿಗೆ ಸಹಿ ಬಿದ್ದು ಮೇಲಿನ ಕಚೇರಿಗೆ ಹೋಗಿ ಬಂದಾಗಿತ್ತು. ರದ್ದಿಯ ಲಾರಿ ಮಾರನೆಯ ದಿನ ಹನ್ನೊಂದಕ್ಕೆ ಬರುವುದಿತ್ತು. ಒಂದೇ ಒಂದು ದಾರಿ ಉಳಿದಿತ್ತು. ಪಟ್ಟಿಯ ಕೊನೆಯಲ್ಲಿ ‘ಷರಾ’ ಎಂಬ ಕಾಲಂ ಇತ್ತು. ಪುಸ್ತಕವನ್ನು ಯಾಕೆ ಉಳಿಸಿಕೊಳ್ಳಬೇಕು ಎಂದು ಅಲ್ಲಿ ಕಾರಣ ಬರೆದು, ಓದಿದವರ ಸಹಿ ಹಾಕಿಸಿದರೆ ಆ ಪುಸ್ತಕ ಉಳಿಯುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಕಾರಣ ಬೇಕು.

ಆ ಸಂಜೆ ಅಂಟಕ್ಕ ಊಟದ ಮೇಜಿನ ಮೇಲೆ ಪಟ್ಟಿ ಹರಡಿ, ಪೆನ್ನು ಹಿಡಿದು ಕೂತಳು. ಅರ್ಧ ಗಂಟೆ ಆಯಿತು. ಗಂಡ ಹೆಗಲ ಮೇಲಿಂದ ಬಗ್ಗಿ ನೋಡಿದ. ಮೊದಲನೆಯ ಪುಸ್ತಕದ ಮುಂದೆ ಗುಂಡಗೆ ಬರೆದಿದ್ದಳು: ‘ಪರವಾಗಿಲ್ಲ.’

“ಮಾರಾಯ್ತಿ, ಇದರಿಂದಾನೇ ತಾನೆ ಈ ಗತಿ ಬಂದಿದ್ದು?” ಎಂದು ಅವನು ನಕ್ಕ.

“ನಗಬೇಡಿ. ನಂಗೆ ಬೇರೆ ಮಾತು ಬರಲ್ಲ” ಎಂದ ಅವಳ ದನಿ ಒಡೆದಿತ್ತು. ಅವನು ನಗುವುದನ್ನು ನಿಲ್ಲಿಸಿ ಪಕ್ಕದಲ್ಲಿ ಕೂತ. “ನಿಂಗೆ ಬರದಿದ್ರೆ ಬೇಡ. ನೀನು ಓದಿಸಿದೀಯಲ್ಲ, ಅವರಿಗೆ ಬಾಯಿಲ್ವಾ?” ಎಂದ.

ಅಂಟಕ್ಕ ಕಿಟಕಿಯ ಸಾಲಿಗೆ ತಪ್ಪದೆ ಬರುತ್ತಿದ್ದ ಟೈಲರಮ್ಮನಿಗೆ ಫೋನ್ ಮಾಡಿದಳು. ಟೈಲರಮ್ಮನ ಕಿವಿಗೆ ಬಿದ್ದ ಸುದ್ದಿ ಊರಿಗೆ ಬಿದ್ದ ಹಾಗೆ.

ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ತುಂಬ ಜನ. ಲೈಬ್ರೇರಿಯನ್ನರು ಹಾಲಿನಲ್ಲಿ ಮೇಜು ಹಾಕಿಕೊಂಡು ಒಂದೊಂದೇ ಪುಸ್ತಕ ಎತ್ತಿ ಹಿಡಿದರು. ಟೈಲರಮ್ಮ ಮೊದಲು ಮುಂದೆ ಬಂದಳು. “ಇದನ್ನ ಓದ್ತಾ ಓದ್ತಾ ಒಂದು ಅಂಗಿಗೆ ಎರಡೂ ಎಡತೋಳೇ ಹೊಲಿದುಬಿಟ್ಟೆ. ಬರ್ಕೊಳ್ಳಿ ಸಾರ್, ಇದಕ್ಕಿಂತ ಕಾರಣ ಬೇಕಾ?” ಎಂದಳು. ಆಂಬುಲೆನ್ಸ್ ಓಡಿಸುವವನು ಇನ್ನೊಂದನ್ನು ಕೈಗೆ ತೆಗೆದುಕೊಂಡು, “ಆಸ್ಪತ್ರೆ ಮುಂದೆ ಕಾಯೋವಾಗ ಇದು ಪಕ್ಕದ ಸೀಟಲ್ಲಿದ್ರೆ ಕೈ ನಡುಗಲ್ಲ” ಎಂದ. ಇದನ್ನು ನಾಲ್ಕು ಸಲ ಓದಿದ್ದೇನೆ ಎಂದು ಒಬ್ಬರು, ಇಲ್ಲ ನೀವು ಓದಿದ್ದು ಮೂರೇ, ನಾಲ್ಕನೆಯದು ನಾನು ಎಂದು ಇನ್ನೊಬ್ಬರು. ನಿವೃತ್ತ ಸರ್ವೇಯರ್ ಮಾತ್ರ ಯಾರನ್ನೂ ಹೊಗಳುವ ಗಿರಾಕಿಯಲ್ಲ. “ಈ ಪುಸ್ತಕದಲ್ಲಿ ಒಂದು ತಪ್ಪು ಸಿಗುತ್ತಾ ಅಂತ ಹುಡುಕಿದೆ. ಸಿಗಲಿಲ್ಲ. ಸಹಿ ಎಲ್ಲಿ ಹಾಕ್ಬೇಕು?” ಎಂದು ಗದರಿದರು. ಅಂಟಕ್ಕ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು. ಇಷ್ಟು ವರ್ಷ ಒಂದೇ ಮಾತು ಹೇಳಿ ಕಳಿಸಿದ ಪುಸ್ತಕಗಳು ಇವರ ಮನೆಗಳಲ್ಲಿ ಏನೇನು ಮಾಡಿ ಬಂದಿದ್ದವು ಎಂದು ಅವಳಿಗೆ ಇವತ್ತೇ ತಿಳಿದದ್ದು.

ಹತ್ತೂವರೆಗೆ ಮೂವತ್ತೇಳು ಮುಗಿಯಿತು. ಲೈಬ್ರೇರಿಯನ್ನರು ಕೊನೆಯದನ್ನು ಎತ್ತಿ ಹಿಡಿದರು. ಕಂದು ಬಟ್ಟೆಯ ತೆಳ್ಳನೆ ಕಾದಂಬರಿ.

ಯಾರೂ ಮುಂದೆ ಬರಲಿಲ್ಲ. ಟೈಲರಮ್ಮ ಆಂಬುಲೆನ್ಸಿನವನ ಮುಖ ನೋಡಿದಳು. ಅವನು ತಲೆ ಅಲ್ಲಾಡಿಸಿದ. ಹೊರಗೆ ಲಾರಿಯ ಹಾರ್ನ್ ಕೇಳಿಸಿತು. ಅರ್ಧ ಗಂಟೆ ಮುಂಚೆಯೇ ಬಂದಿತ್ತು, ಹಾಳಾದ್ದು.

“ಯಾರೂ ಓದಿಲ್ವಾ? ಹಾಗಾದ್ರೆ ಇದೊಂದು...” ಎಂದು ಲೈಬ್ರೇರಿಯನ್ನರು ಪುಸ್ತಕವನ್ನು ಪಕ್ಕಕ್ಕೆ ಇಡಲು ಹೋದರು.

“ನಾನು ಓದಿದ್ದೀನಿ” ಎಂದಳು ಅಂಟಕ್ಕ.

ಜನ ದಾರಿ ಬಿಟ್ಟರು. ಮೇಜಿನ ಮುಂದೆ ಬಂದು ನಿಂತಳು. ಅವಳ ಕಿಟಕಿ ಇಲ್ಲಿರಲಿಲ್ಲ, ಬಗ್ಗಿ ಅಂಟು ಹಚ್ಚುವ ನೆಪವೂ ಇರಲಿಲ್ಲ. “ಏನು ಬರೀಲಿ ಅಕ್ಕಾ?” ಎಂದು ಅವರು ಕೇಳಿದರು.

“ಇಬ್ಬರು ಅಕ್ಕತಂಗಿಯರ ಕಥೆ ಅದು. ಒಂದು ಕುರ್ಚಿಗೋಸ್ಕರ ಜಗಳ ಆಡಿ ಮಾತು ಬಿಡ್ತಾರೆ. ಕೊನೇಗೂ ಮಾತಾಡಲ್ಲ, ಒಬ್ಬಳು ಸತ್ತೇ ಹೋಗ್ತಾಳೆ. ಇದನ್ನ ಓದಿ ಮುಗಿಸಿದ ದಿನ ಅಂಟಿನ ಡಬ್ಬಿ ಮುಚ್ಚೋದೂ ಮರೆತು, ಬಸ್ ಹತ್ತಿ ನಮ್ಮಕ್ಕನ ಮನೆಗೆ ಹೋದೆ. ಹನ್ನೊಂದು ವರ್ಷ ಆಗಿತ್ತು ನಾವು ಮಾತಾಡಿ. ನಮ್ಮದೂ ಅಂಥದ್ದೇ ಕೆಲಸಕ್ಕೆ ಬಾರದ ಜಗಳ. ಬಾಗಿಲು ತೆಗೆದೋಳು ನನ್ನ ಕೈ ನೋಡಿ, ಇದೇನೇ ಇಷ್ಟು ಅಂಟು, ತೊಳ್ಕೊಂಡು ಬಾ, ಟೀ ಇಡ್ತೀನಿ ಅಂದ್ಲು. ಅಷ್ಟೇ. ಜಗಳದ ಸುದ್ದೀನೇ ಎತ್ತಲಿಲ್ಲ. ಆಮೇಲೆ ಅವಳು ಐದು ತಿಂಗಳು ಇದ್ಲು. ಆ ಐದು ತಿಂಗಳು ನಂಗೆ ಈ ಪುಸ್ತಕ ಕೊಟ್ಟಿದ್ದು.” ಅಂಟಕ್ಕ ಕಣ್ಣು ಒರೆಸಿಕೊಳ್ಳಲಿಲ್ಲ. “ಬಹಳ ಒಳ್ಳೇ ಪುಸ್ತಕ ಸಾರ್. ಇಲ್ಲಿರೋದ್ರಲ್ಲೆಲ್ಲ ಒಳ್ಳೇದು. ಹಾಗೇ ಬರ್ಕೊಳ್ಳಿ.”

ಲೈಬ್ರೇರಿಯನ್ನರು ಬರೆಯತೊಡಗಿದರು. ಕಾಲಂ ಸಾಲದೆ ಹಾಳೆ ತಿರುಗಿಸಿ ಹಿಂದುಗಡೆಯೂ ಬರೆದರು.

“ಇಷ್ಟು ವರ್ಷ ಇದನ್ನ ನಮಗ್ಯಾರಿಗೂ ಯಾಕೆ ಕೊಡ್ಲಿಲ್ಲ?” ಸರ್ವೇಯರ್ ಸಿಡುಕಿದರು. ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು.

“ಹೆದರಿಕೆ. ನೀವು ಓದ್ಕೊಂಡು ಬಂದು ಸುಮಾರಾಗಿದೆ ಅಂದುಬಿಟ್ರೆ? ನಂಗೆ ತಡ್ಕೊಳ್ಳೋಕಾಗಲ್ಲ.”

ಸರ್ವೇಯರ್ ಜೇಬಿನಿಂದ ಲೈಬ್ರರಿ ಕಾರ್ಡ್ ತೆಗೆದು ಮೇಜಿನ ಮೇಲೆ ಇಟ್ಟರು. ಅಂಟಕ್ಕ ಪುಸ್ತಕವನ್ನು ಒಂದು ಗಳಿಗೆ ಹಿಡಿದೇ ನಿಂತಳು. ಆಮೇಲೆ ಕೊಟ್ಟಳು. ಲಾರಿ ಖಾಲಿ ಹೋಗಬಾರದೆಂದು ಹಾಲಿನ ನಡುಮಧ್ಯೆ ಮೆರೆಯುತ್ತಿದ್ದ ಪುಸ್ತಕಗಳನ್ನು ತುಂಬಲು ಲೈಬ್ರೇರಿಯನ್ನರು ಹೊಸ ಪಟ್ಟಿ ಬರೆದರು. ಈ ಸಲ ಪ್ರತಿ ಹೆಸರಿಗೂ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಹದಿನೈದು ದಿನದ ವಾಯಿದೆ ಮುಗಿಯಿತು. ಪುಸ್ತಕ ಬರಲಿಲ್ಲ. ಸರ್ವೇಯರೂ ಬರಲಿಲ್ಲ. ಒಂದು ದಿನವೂ ತಡ ಮಾಡಿದ ಮನುಷ್ಯನಲ್ಲ ಅವರು. ಹದಿನಾರನೆಯ ದಿನ ಅಂಟಕ್ಕನಿಗೆ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ಹಿಡಿಸಲಿಲ್ಲ, ಹೇಳಲು ಸಂಕೋಚಪಟ್ಟು ಬಂದಿಲ್ಲ ಎಂದೇ ಅವಳು ನಂಬಿದಳು. ಕೊಡಬಾರದಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಹದಿನೇಳನೆಯ ದಿನ ಲೈಬ್ರೇರಿಯನ್ನರು ತಾವೇ ಕಿಟಕಿಯ ಹತ್ತಿರ ಬಂದರು.

“ಸರ್ವೇಯರ್ ಫೋನ್ ಮಾಡಿದ್ರು ಅಕ್ಕಾ. ಪುಸ್ತಕ ಇನ್ನೂ ಒಂದು ವಾರ ತಡ ಆಗುತ್ತಂತೆ. ಅವರ ತಮ್ಮನ ಮನೇಲಿದ್ದಾರಂತೆ. ಈಗ ತಮ್ಮ ಓದ್ತಿದ್ದಾರಂತೆ.”

ಇಪ್ಪತ್ತು ವರ್ಷದಿಂದ ದಿನವೂ ಆ ಸಾಲಿನಲ್ಲಿ ನಿಲ್ಲುತ್ತಿದ್ದ ಸರ್ವೇಯರಿಗೆ ಒಬ್ಬ ತಮ್ಮನಿದ್ದಾನೆ ಎಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.