ಮೈಯ ಕಣ್ಣಳತೆ

ಹೊಸಪೇಟೆಯಲ್ಲಿ ಈಚೆಗೆ ಹೆಂಗಸರ ಮೈ ಇಳಿಸುವ ಅಂಗಡಿಯೊಂದು ತೆರೆದಿದೆ. ಅದನ್ನು ಅಂಗಡಿ ಅನ್ನಬಾರದಂತೆ, ಕೇಂದ್ರ ಅನ್ನಬೇಕಂತೆ. ಹೋದ ವಾರ ಮಗಳ ಜೊತೆ ಅಲ್ಲಿಗೆ ಹೋಗಿದ್ದೆ. ಅವಳಿಗೆ ಮುಖಕ್ಕೆ ಏನೋ ಹಚ್ಚಿಸಿಕೊಳ್ಳುವುದಿತ್ತು. ನನಗೆ ಬಿಸಿಲು ತಪ್ಪಿಸಿಕೊಂಡು ಫ್ಯಾನಿನ ಕೆಳಗೆ ಕೂರುವುದಿತ್ತು. ಗೋಡೆಯ ಮೇಲೆ ದೊಡ್ಡದೊಂದು ಪಟ. ಅದರಲ್ಲಿ ಸಾಲಾಗಿ ನಿಂತ ಹೆಂಗಸರು. ಈ ತುದಿಯವಳು ಗಾಳಿ ಬಂದರೆ ಹಾರಿಹೋಗುವಂತಿದ್ದಳು, ಆ ತುದಿಯವಳಿಗೆ ಪಟದ ಅಂಚೇ ಸಾಲದಾಗಿತ್ತು. ಪ್ರತಿಯೊಬ್ಬಳ ಕಾಲ ಕೆಳಗೂ ಒಂದೊಂದು ಪರ್ಸೆಂಟು. ಅಲ್ಲಿ ಕೆಲಸಕ್ಕಿದ್ದ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಪಟವನ್ನು ನೋಡಿದಳು, ಮತ್ತೆ ನನ್ನನ್ನು ನೋಡಿ, "ಆಂಟಿ, ನಿಮ್ಮದು ಮೂವತ್ತೆರಡು ಇರ್ಬೋದು" ಎಂದಳು.

"ವಯಸ್ಸೇನಮ್ಮ?" ಎಂದೆ ಆಸೆಯಿಂದ.

"ಅಲ್ಲ ಆಂಟಿ, ಫ್ಯಾಟು."

ನಮ್ಮ ಮನೆಯಲ್ಲಿ ಎಮ್ಮೆ ಇದ್ದ ಕಾಲಕ್ಕೆ ಡೇರಿಗೆ ಹಾಲು ಹಾಕುತ್ತಿದ್ದೆವು. ಅಲ್ಲಿಯವರು ಕೂಡ ಬರೀ ಕಣ್ಣಲ್ಲಿ ನೋಡಿ ಹಾಲಿನ ಫ್ಯಾಟು ಹೇಳುತ್ತಿರಲಿಲ್ಲ. ಒಂದಿಷ್ಟು ಹಾಲನ್ನು ಸೀಸೆಗೆ ಹಾಕಿ, ಅದಕ್ಕೇನೋ ಬೆರೆಸಿ, ಗರಗರ ತಿರುಗಿಸಿ, ಆಮೇಲೆ ಬಾಯಿ ತೆರೆಯುತ್ತಿದ್ದರು. ಎಮ್ಮೆ ಹಾಲಿಗೆ ಸಿಗುವ ಮರ್ಯಾದೆಯೂ ನನಗೆ ಸಿಗಲಿಲ್ಲವಲ್ಲ ಎಂದು ಮನೆ ಮುಟ್ಟುವವರೆಗೂ ಗೊಣಗಿದೆ. "ಹೋಗ್ಲಿ ಬಿಡವ್ವ, ಚಿಕ್ಕ ಹುಡುಗಿ" ಎಂದಳು ಮಗಳು. ಹುಡುಗಿಯ ಮೇಲೆ ನನಗೆ ಸಿಟ್ಟಿರಲಿಲ್ಲ. ಈ ಕಸುಬು ಅವಳಿಂದ ಶುರುವಾದದ್ದಲ್ಲ. ಪರ್ಸೆಂಟು ಮಾತ್ರ ಹೊಸದು.

ನಾನು ಹುಟ್ಟಿದ್ದು ಹೊಸಪೇಟೆ, ಕೊಟ್ಟದ್ದು ಕಂಪ್ಲಿಗೆ. ಮದುವೆಯಾದ ಹೊಸತರಲ್ಲಿ ತವರಿಗೆ ಬಂದರೆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು, "ಅಯ್ಯ, ಏನ್ ಸೊರಗೀದಿ!" ಎಂದು ಕೆನ್ನೆ ಹಿಡಿಯುತ್ತಿದ್ದರು. ಅದೇ ದಿನ ಬಸ್ಸು ಹತ್ತಿ ಕಮಲಾಪುರದ ಮೇಲೆ ಹಾದು ಕಂಪ್ಲಿಯಲ್ಲಿ ಇಳಿದರೆ, "ತವರಿನ ಊಟ ಹಿಡಿಸೈತಿ ನೋಡು, ಮೈ ಬಂದೈತಿ" ಎಂದು ಗಂಡನ ಮನೆಯ ಓಣಿಯವರು ನಗುತ್ತಿದ್ದರು. ನಡುವೆ ನಾನು ತಿಂದದ್ದು ಒಂದೇ ಒಂದು ಪೇರಲ ಹಣ್ಣು. ಯಾರ ಮಾತನ್ನು ನಂಬಬೇಕೆಂದು ಕನ್ನಡಿಯನ್ನು ಕೇಳಿದರೆ ಅದು ಸುಮ್ಮನಿತ್ತು. ನಾನು ಕಂಡ ಸುಶಿಕ್ಷಿತ ವಸ್ತು ಅದೊಂದೇ.

ನಮ್ಮ ಭಾಷೆಯೂ ಈ ವಿಷಯದಲ್ಲಿ ಕಡಿಮೆಯದಲ್ಲ. ಹೆಣ್ಣಿಗೆ ಸಣಕಲು, ಬಡಕಲು, ಕಡ್ಡಿ, ಮೈತುಂಬಿದವಳು, ದುಂಡಗಿನವಳು, ದಡೂತಿ, ಊದಿಕೊಂಡವಳು, ಕೊಬ್ಬಿದವಳು. ಗಂಡಸಿಗೆ ಹೊಟ್ಟೆ ಬಂದಿದೆ ಎನ್ನುವುದೊಂದೇ, ಅದನ್ನೂ ಬಡ್ತಿ ಬಂದಿದೆ ಎನ್ನುವ ಧಾಟಿಯಲ್ಲಿ ಹೇಳುತ್ತಾರೆ. ಹಳೆಯ ಕವಿಗಳು ತಮ್ಮ ನಾಯಕಿಗೆ ನಡುವೇ ಇಲ್ಲವೆಂದು ಬರೆದರು. ನಡುವಿಲ್ಲದವಳು ಬಾವಿಯಿಂದ ನೀರು ಸೇದುವುದು ಹೇಗೆಂದು ಅವರನ್ನು ಯಾರೂ ಕೇಳಿದಂತಿಲ್ಲ.

ಕಂಪ್ಲಿಯ ನಮ್ಮ ಮನೆಯಲ್ಲಿ ಈ ವಿದ್ಯೆಯ ಪಂಡಿತರೆಂದರೆ ನೀಲಮ್ಮತ್ತೆ, ನನ್ನ ಮಾವನವರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು, ನಮ್ಮ ಅತ್ತೆ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯನ್ನೇ ಹೊತ್ತಿದ್ದರು. ಬಾಗಿಲೊಳಗೆ ಯಾವ ಹೆಂಗಸು ಕಾಲಿಟ್ಟರೂ, ಅವಳು ಚಪ್ಪಲಿ ಬಿಡುವುದರೊಳಗೆ ಇವರ ತೀರ್ಪು ಸಿದ್ಧ. ಒಮ್ಮೆ ನೆಂಟರನ್ನು ಕರೆದುಕೊಂಡು ಎಲ್ಲರೂ ಹಂಪಿಗೆ ಹೋಗಿದ್ದೆವು. ಗುಡಿಯ ಗೋಡೆಯ ಮೇಲೆ ಸಾಲಾಗಿ ಕುಣಿಯುವ ಕಲ್ಲಿನ ಹೆಂಗಸರ ಮುಂದೆ ನೀಲಮ್ಮತ್ತೆ ಬಹಳ ಹೊತ್ತು ನಿಂತರು. ಕಲೆಗೆ ಮನಸೋತರೆಂದು ನಾನು ತಿಳಿದೆ. ಕೊನೆಗೆ ಒಬ್ಬಳ ಕಡೆ ಕೈ ತೋರಿಸಿ, "ಪಾಪ, ಈಕಿಗೆ ಬಾಣಂತನ ಸರೀಗಿ ಮಾಡಿಲ್ಲ" ಎಂದರು.

ಅವರನ್ನು ನೋಡಿ ನಗುವುದು ಸುಲಭ. ಆದರೆ ಅವರು ಕಾಲುವೆ ಬರುವ ಮೊದಲಿನ ಕಂಪ್ಲಿ ಸೀಮೆಯ ಹಳ್ಳಿಯಲ್ಲಿ ಬೆಳೆದವರು, ಅಂಬಲಿಯನ್ನೂ ನೀರು ಮಾಡಿ ಹಂಚಿಕೊಂಡ ಮನೆಯವರು. ಆಮೇಲೆ ಕಾಲುವೆಗೆ ನೀರು ಬಂತು, ಗದ್ದೆಗೆ ಭತ್ತ ಬಂತು, ಮಾವನವರು ಅಕ್ಕಿ ಮಿಲ್ಲು ಹಾಕಿದರು. ಮನೆಗೆ ಬಂದ ಭಾಗ್ಯವನ್ನು ನೀಲಮ್ಮತ್ತೆ ಮನೆಯ ಹೆಣ್ಣುಮಕ್ಕಳ ಮೈಮೇಲೆ ನೋಡಬಯಸಿದರು. ತೆಳ್ಳಗಿನ ಸೊಸೆ ಎಂದರೆ ಅವರಿಗೆ ಮನೆತನಕ್ಕೆ ಅವಮಾನ. ನನ್ನ ತಟ್ಟೆಗೆ ಅವರು ಸುರಿದ ತುಪ್ಪವನ್ನು ನೆನೆಸಿಕೊಂಡರೆ ಈಗಲೂ ತಟ್ಟೆಗೆ ಕೈ ಅಡ್ಡ ಹಿಡಿಯುತ್ತೇನೆ.

ಇಂಥ ಮನೆಯ ಮಗಳು ನನ್ನ ನಾದಿನಿ ಗಿರಿಜಾ. ತೆಳ್ಳಗಿನ, ಚುರುಕು ಹುಡುಗಿ. ಹಾಡು ಹೇಳಿದರೆ ಮಿಲ್ಲಿನ ಸದ್ದಿನಲ್ಲೂ ಕೇಳುವಂಥ ಗಂಟಲು. ಅವಳನ್ನು ಸಂಡೂರಿಗೆ ಕೊಟ್ಟಿತ್ತು. ಗಂಡ ಶಿವಾನಂದ ಗಣಿಯ ಆಫೀಸಿನಲ್ಲಿ ಗುಮಾಸ್ತ, ಸಾಧು ಮನುಷ್ಯ, ತಾಯಿಯ ಎದುರು ಇನ್ನಷ್ಟು ಸಾಧು. ಮದುವೆಯಾಗಿ ಎರಡು ವರ್ಷವಾಗಿರಬೇಕು, ಹಬ್ಬಕ್ಕೆಂದು ಬಂದವಳು ಬಾಗಿಲಲ್ಲಿ ನಿಂತಾಗ ನೀಲಮ್ಮತ್ತೆಯ ಮುಖ ಅರಳಿತು.

"ಬಾ ನನ್ನವ್ವ! ಸಂಡೂರಿನ ಗಾಳಿ ಭಾಳ ಹಿಡಿಸೈತಿ ನೋಡು. ಮೈ ಕೈ ತುಂಬ್ಯಾವು. ಈಗ ಹೆಣ್ಣಿನಂಗ ಕಾಣ್ತಿ."

ಓಣಿಯವರೂ ಹಾಗೇ ಅಂದರು. ಗಿರಿಜಾ ನಕ್ಕಳು. ಆಮೇಲೆ ಬಚ್ಚಲಲ್ಲಿ ಸೋಪು ಹಚ್ಚಿಕೊಂಡು ಬಳೆ ತೆಗೆಯಲು ಒದ್ದಾಡುತ್ತಿದ್ದವಳನ್ನು ನಾನು ನೋಡಿದೆ. "ಯಾಕೋ ಕೈ ಬಾತಂಗ ಆಗ್ಯಾವು ಅತ್ತಿಗಿ" ಎಂದಳು.

ಅದಾದ ಮೇಲೆ ಒಂದು ವರ್ಷದಲ್ಲಿ ಅದೇ ಮೈ ಸಂಡೂರಿನಲ್ಲಿ ಅಪರಾಧವಾಯಿತು. ಅವಳ ಅತ್ತೆ ಹೊಸ ಕಾಲದವರು. ಕಂಪನಿಯ ಕ್ವಾರ್ಟರ್ಸಿನ ಹೆಂಗಸರ ಜೊತೆ ಓಡಾಡುವವರು, ವಾರಪತ್ರಿಕೆ ಓದುವವರು. ಅಲ್ಲಿ ತೆಳ್ಳಗಿರುವುದೇ ಮರ್ಯಾದೆ. ಸೊಸೆ ದಪ್ಪಗಾಗುತ್ತಾ ಹೋದಳು, ಕೆಲಸ ನಿಧಾನವಾಯಿತು, ಹಗಲಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ಇಷ್ಟು ಸಾಕಾಯಿತು ಆ ತಾಯಿಗೆ: ಕದ್ದು ತಿನ್ನುತ್ತಾಳೆ. ಉಗ್ರಾಣಕ್ಕೆ ಬೀಗ ಬಿತ್ತು. ಗಿರಿಜಾ ಉಣ್ಣಲು ಕೂತರೆ ಅತ್ತೆ ಎದುರಿಗೆ ಬಂದು ಕೂರುವುದು, ಎರಡನೆಯ ರೊಟ್ಟಿಗೆ ಕೈ ಹೋದರೆ ಕೆಕ್ಕರಿಸಿ ನೋಡುವುದು. ಅವಳು ಕೈ ಹಿಂದೆಗೆದಳು. ಒಪ್ಪತ್ತು ಮಾಡಿದಳು. ಆದರೂ ಮೈ ಬೆಳೆಯಿತು. ಕಡೆಗೆ ಶಿವಾನಂದನೇ ಅವಳನ್ನು ಕಂಪ್ಲಿಗೆ ತಂದು ಬಿಟ್ಟು, ನೆಲ ನೋಡುತ್ತಾ, "ಅವ್ವ ಅಂತಾಳ, ಮೈ ಇಳಿಸ್ಕೊಂಡೇ ಬರ್ಲಿ ಅಂತ" ಎಂದು ಹೇಳಿ ಮುಂದಿನ ಬಸ್ಸಿಗೆ ಹೋಗಿಬಿಟ್ಟ.

ನೀಲಮ್ಮತ್ತೆಯ ಸಿಟ್ಟು ನೋಡಬೇಕಿತ್ತು. "ಉಣ್ಣೋ ಕೂಸಿನ ತಟ್ಟಿ ನೋಡ್ತಾರಂತ! ನಮ್ಮ ಹುಡುಗೀಗೆ ಹಾಕಾಕ ಆಗಲ್ಲಂದ್ರ ನಾವು ಹಾಕ್ತೀವಿ" ಎಂದು ತುಪ್ಪದ ಪಾತ್ರೆಯನ್ನೇ ಎತ್ತಿಕೊಂಡು ಬಂದರು. ಒಂದು ಮನೆಯಲ್ಲಿ ತಟ್ಟೆ ಕಸಿದರು, ಇನ್ನೊಂದು ಮನೆಯಲ್ಲಿ ತಟ್ಟೆ ತುಂಬಿದರು. ಎರಡು ಮನೆಯವರೂ ಅವಳ ಮೈಯನ್ನು ಚೆನ್ನಾಗಿ ನೋಡಿದ್ದರು. ಏನಾಗುತ್ತಿದೆ ಎಂದು ಅವಳನ್ನು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಅದು ಕಂಪ್ಲಿಯ ಬೇಸಿಗೆ. ಮಧ್ಯಾಹ್ನ ನಾವೆಲ್ಲ ಒದ್ದೆ ಬಟ್ಟೆ ಹೊದ್ದು ಬೀಸಣಿಗೆ ಬೀಸಿಕೊಳ್ಳುತ್ತಿದ್ದರೆ ಗಿರಿಜಾ ಮೂಲೆಯಲ್ಲಿ ಶಾಲು ಹೊದ್ದು ಕೂತಿದ್ದಳು.

"ಇದೇನವ್ವ ಈ ಬಿಸಿಲಾಗ?" ಎಂದೆ.

"ಛಳಿ ಅತ್ತಿಗಿ. ಯಾರಿಗೂ ಹೇಳಬ್ಯಾಡ್ರಿ, ನಗ್ತಾರ."

ಅವಳ ಧ್ವನಿ ಆಗ ನನ್ನ ಕಿವಿಗೆ ಬಿತ್ತು. ಒಡಕು, ಭಾರ, ಪ್ರತಿ ಶಬ್ದವನ್ನೂ ಹೊತ್ತು ತರುತ್ತಿರುವಂಥ ಧ್ವನಿ. ಹಾಡುವುದನ್ನು ಅವಳು ಯಾವಾಗ ಬಿಟ್ಟಳೆಂದು ಕೇಳಿದೆ. ಗಂಟಲು ಏಳುವುದಿಲ್ಲ ಎಂದಳು. ತಲೆ ಬಾಚಿದರೆ ಕೂದಲು ಹಿಡಿ ಹಿಡಿಯಾಗಿ ಬರುತ್ತದೆ ಎಂದಳು. ಮೆಟ್ಟಿಲು ಹತ್ತಿದರೆ ಕಾಲಿಗೆ ಕಲ್ಲು ಕಟ್ಟಿದಂತಾಗುತ್ತದೆ ಎಂದಳು. "ನಾ ಖರೇನ ಕದ್ದು ತಿಂದಿಲ್ಲ ಅತ್ತಿಗಿ" ಎಂದು ಕೊನೆಗೆ ಅಂದಾಗ ಅವಳ ಕಣ್ಣಲ್ಲಿ ನೀರಿತ್ತು.

ಹೊಸಪೇಟೆಯ ಡಾಕ್ಟರಿಗೆ ತೋರಿಸೋಣ ಎಂದದ್ದಕ್ಕೆ ನೀಲಮ್ಮತ್ತೆ ಒಪ್ಪಲಿಲ್ಲ. "ಗಟ್ಟಿಮುಟ್ಟ ಐದಾಳ, ಏನಂತ ತೋರಸ್ತಿ? ಸೊರಗಿದವ್ರನ್ನ ತೋರಸ್ತಾರ. ಮೈ ತುಂಬಿದಾಕಿನ್ನ ಕರ್ಕೊಂಡು ಹೋದ್ರ ಜನ ನಗ್ತಾರ."

"ನಗ್ಲಿ ಬಿಡ್ರಿ. ನಕ್ಕರ ಅವ್ರ ಹಲ್ಲು ಕಾಣ್ತಾವು" ಎಂದೆ. ಆ ಮನೆಯಲ್ಲಿ ನಾನು ಹಿರಿಯರಿಗೆ ಎದುರು ಮಾತಾಡಿದ್ದು ಅದೇ ಮೊದಲು. ನನ್ನ ಗಂಡ ಪೇಪರಿನ ಹಿಂದಿನಿಂದ ತಲೆ ಎತ್ತಿ, "ಹೋಗಿ ಬರ್ರಿ" ಎಂದರು. ಅಷ್ಟೇ ಸಾಕಿತ್ತು.

ಬಸ್ಸಿನಲ್ಲಿ ನಮ್ಮ ಪಕ್ಕದ ಹೆಂಗಸು ಗಿರಿಜಾಳನ್ನು ನೋಡಿ ನನ್ನ ಕಡೆ ಬಾಗಿ, "ಎಷ್ಟು ತಿಂಗಳು?" ಎಂದಳು. ಗಿರಿಜಾ ಕಿಟಕಿಯ ಕಡೆ ತಿರುಗಿದಳು. ಆ ಹೊತ್ತಿನಲ್ಲಿ ನನಗೆ ಬಂದ ಸಿಟ್ಟನ್ನು ಬಸ್ಸಿನ ಇಂಜಿನ್ನಿಗೆ ಹಾಕಿದ್ದರೆ ಗುಂತಕಲ್ಲಿನವರೆಗೂ ನಿಲ್ಲದೆ ಹೋಗುತ್ತಿತ್ತು.

ಡಾಕ್ಟರಮ್ಮ ವಯಸ್ಸಾದವರು, ಮಾತು ಕಡಿಮೆ. ಗಿರಿಜಾ ಒಳಗೆ ಬಂದಾಗ ಅವರು ಕೈ ತೊಳೆಯುತ್ತಿದ್ದರು, ಬೆನ್ನು ನಮ್ಮ ಕಡೆಗಿತ್ತು. "ಏನಮ್ಮ ತೊಂದರೆ?" ಎಂದರು.

"ನನಗ ಛಳಿ ಆಗ್ತೈತ್ರಿ."

ಅವರು ನಲ್ಲಿ ನಿಲ್ಲಿಸಿ ತಿರುಗಿದರು. "ಈ ಧ್ವನಿ ಮೊದಲಿಂದ ಹೀಗೇ ಇತ್ತಾ?"

"ಇಲ್ಲ ಡಾಕ್ಟ್ರೇ, ಹಾಡ್ತಿದ್ದಳು" ಎಂದೆ ನಾನು. ಆಮೇಲೆ ಅವರು ಕೇಳಿದ ಒಂದೊಂದು ಪ್ರಶ್ನೆಗೂ ಗಿರಿಜಾ ಹೌದು ಹೌದು ಎನ್ನುತ್ತಾ ಹೋದಳು, ಇಷ್ಟು ದಿನ ಈ ಪ್ರಶ್ನೆಗಳಿಗಾಗಿಯೇ ಕಾದಿದ್ದವಳಂತೆ. ಅವರು ನಾಡಿ ಹಿಡಿದರು, ಕುತ್ತಿಗೆ ಮುಟ್ಟಿ ನೋಡಿದರು, ಸಣ್ಣ ಸುತ್ತಿಗೆಯಿಂದ ಕಾಲಿಗೆ ತಟ್ಟಿದರು. ಕಾಲು ಎದ್ದಿತು, ಆದರೆ ಯೋಚನೆ ಮಾಡಿ ಎದ್ದಂತೆ ನಿಧಾನವಾಗಿ. ಗಂಟಲಲ್ಲಿ ಒಂದು ಗ್ರಂಥಿ ಇರುತ್ತದೆ, ಅದು ಕೆಲಸ ಕಡಿಮೆ ಮಾಡಿದೆ, ಇದು ತಿಂದು ಬಂದ ಮೈಯಲ್ಲ, ರಕ್ತವನ್ನು ಬೆಂಗಳೂರಿಗೆ ಕಳಿಸಿ ಖಾತ್ರಿ ಮಾಡಿಕೊಳ್ಳೋಣ ಎಂದರು. ಗಿರಿಜಾ ಕೇಳಿದ್ದು ಒಂದೇ ಮಾತು: "ಹಂಗಾದ್ರ ನಂದೇನೂ ತಪ್ಪಿಲ್ಲೇನ್ರಿ?"

"ನಿಂದೇನು ತಪ್ಪಮ್ಮ" ಎಂದು ಡಾಕ್ಟರಮ್ಮ ಅವಳ ಭುಜ ತಟ್ಟಿದರು. ಅಲ್ಲಿ ಅವಳು ಅತ್ತಳು, ಚೆನ್ನಾಗಿ ಅತ್ತಳು. ಹೊರಗೆ ಬಂದು ಇಬ್ಬರೂ ಕಬ್ಬಿನ ಹಾಲು ಕುಡಿದೆವು.

ಡಾಕ್ಟರಮ್ಮನ ಊಹೆ ಸರಿಯಾಗಿತ್ತು. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಒಂದು ಪುಟ್ಟ ಮಾತ್ರೆ. ಮೊದಲು ಹೋದದ್ದು ಶಾಲು. ಆಮೇಲೆ ಮುಖದ ಬಾವು, ಆಮೇಲೆ ನಿದ್ದೆ. ಮಳೆಗಾಲ ಕಳೆದು ಗದ್ದೆಯಲ್ಲಿ ಭತ್ತ ಬಾಗುವ ಹೊತ್ತಿಗೆ ಗಿರಿಜಾ ಮತ್ತೆ ಗಿರಿಜಾ ಆಗಿದ್ದಳು. ಈಗ ಜನ ಏನೆಂದರು ಕೇಳಿ. ಸಂಡೂರಿನ ಅತ್ತೆ, ತಾವು ಬೀಗ ಹಾಕಿ ಕಟ್ಟುನಿಟ್ಟು ಮಾಡಿದ್ದರಿಂದಲೇ ಸೊಸೆ ದಾರಿಗೆ ಬಂದಳೆಂದು ಕ್ವಾರ್ಟರ್ಸಿನಲ್ಲೆಲ್ಲ ಹೇಳಿಕೊಂಡು ಬಂದರಂತೆ. ನೀಲಮ್ಮತ್ತೆ, ತಮ್ಮ ತುಪ್ಪವೇ ಹುಡುಗಿಗೆ ಶಕ್ತಿ ಕೊಟ್ಟಿತೆಂದು ಓಣಿಯಲ್ಲಿ ಹೇಳಿದರು. ಅದರ ಮರುಕ್ಷಣವೇ, "ಆದ್ರ ಪಾಪ, ಸೊರಗ್ಯಾಳ" ಎಂದು ಸೇರಿಸಿದರು. ಮಾತ್ರೆಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಶಿವಾನಂದ ಕರೆದೊಯ್ಯಲು ಬಂದ. ಕೈಯಲ್ಲಿ ಹಣ್ಣಿನ ಬುಟ್ಟಿ, ಮುಖದಲ್ಲಿ ಅಪರಾಧಿಯ ಕಳೆ. ನೀಲಮ್ಮತ್ತೆ ಅವನಿಗೆ ಎರಡು ಮಾತು ಅನ್ನಲು ಸೆರಗು ಸುತ್ತಿಕೊಂಡು ಬಂದಿದ್ದರು. ಗಿರಿಜಾ ಅವರನ್ನು ತಡೆದು ತಾನೇ ಮುಂದೆ ಬಂದಳು.

"ಬರ್ತೀನ್ರಿ. ಆದ್ರ ಒಂದು ಮಾತು. ಇನ್ನ ಮ್ಯಾಗ ನಾ ಉಣ್ಣುವಾಗ ಎದುರಿಗೆ ಯಾರೂ ಕುಂದ್ರಬಾರದು."

ಶಿವಾನಂದ ತಲೆ ಕೆರೆದುಕೊಂಡ. "ನಾನೂ ಕುಂದ್ರಬಾರದಾ?"

"ನೀವು ಕುಂದ್ರಿ. ಉಣ್ಣಾಕ ಕುಂದ್ರಿ. ನೋಡಾಕ ಬ್ಯಾಡ."

ಆಗ ಗಂಡಸರ ಊಟವಾದ ಮೇಲೆ ಹೆಂಗಸರು ಉಣ್ಣುವ ಕಾಲ. ನೀಲಮ್ಮತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಶಿವಾನಂದ ಅವರನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, "ಆತು" ಎಂದ. ಸಾಧು ಮನುಷ್ಯನ ಬಾಯಲ್ಲಿ ಅಷ್ಟು ಗಟ್ಟಿಯಾದ ಮಾತನ್ನು ನಾನು ಮೊದಲ ಬಾರಿಗೆ ಕೇಳಿದೆ.

ಮರುವರ್ಷ ಸಂಡೂರಿಗೆ ಹೋಗಿದ್ದೆ. ಗಂಡ ಹೆಂಡತಿ ಅಕ್ಕಪಕ್ಕ ಕೂತು ಉಣ್ಣುತ್ತಿದ್ದರು. ಮೊದಮೊದಲು ಅವಳ ಅತ್ತೆ ಮುನಿಸಿಕೊಂಡು ಒಳಕೋಣೆಯಲ್ಲಿ ಒಬ್ಬರೇ ಉಂಡರಂತೆ. ಒಬ್ಬರೇ ಉಣ್ಣುವುದು ಬೇಸರವಾಗಿ ಒಂದು ದಿನ ತಾವೇ ತಟ್ಟೆ ತಂದು ಅದೇ ಸಾಲಿನ ಕೊನೆಗೆ ಕೂತರಂತೆ. ನಾನು ಹೋದ ದಿನ ಅವರು ನನ್ನ ಪಕ್ಕದಲ್ಲೇ ಇದ್ದರು. ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂತದ್ದರಿಂದ ಯಾರ ಕಣ್ಣೂ ಯಾರ ತಟ್ಟೆಯ ಮೇಲೂ ಇರಲಿಲ್ಲ. ಬದನೆಕಾಯಿ ಪಲ್ಯ ಬಹಳ ಚೆನ್ನಾಗಿತ್ತು. ಎಷ್ಟು ಉಂಡೆನೋ ನನಗೂ ನೆನಪಿಲ್ಲ.