ಮುತ್ಯಾನ ಎಡೆ ಮುಟ್ಟಿದ ಕಾಗೆ

ದೆವ್ವ, ಗಾಳಿ, ಹಿರಿಯರ ಸಿಟ್ಟು ಎಂದು ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವಳು ನಾನೇ. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಪ್ಪ ಬುದ್ಧನ ದಾರಿ ಹಿಡಿದ ಮೇಲೆ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದೂ ನಿಂತುಹೋಗಿತ್ತು. ಹಾಗಾಗಿ ಮುಂದೆ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಮುತ್ಯಾನಿಗೆ, ಅಂದರೆ ಅಪ್ಪನ ಅಜ್ಜನಿಗೆ, ಗೊರೇಬಾಳದ ಹತ್ತಿರ ಒಂದು ತುಂಡು ಹೊಲವಿತ್ತು. ಬರೀ ಜೋಳ ಬೆಳೆಯುತ್ತಿದ್ದಷ್ಟು ದಿನ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಕಾಲುವೆ ಬಂತು ನೋಡಿ, ಪಕ್ಕದ ಹೊಲದ ದೊಡ್ಡ ಮನೆಯ ಯಜಮಾನನಿಗೆ ಅದು ಬೇಕೇ ಬೇಕಾಯಿತು. ಮುತ್ಯಾ ಕೊಡುವುದಿಲ್ಲ ಎಂದ. ಯಜಮಾನ ಅವನನ್ನು ಅದೇ ಹೊಲದ ಬದುವಿನ ಮೇಲೆ ಹೊಡೆಸಿದ. ಮುತ್ಯಾ ಮತ್ತೆ ಏಳಲಿಲ್ಲ. ಮನೆಯವರು ಅವನನ್ನು ಅಲ್ಲೇ ಮಣ್ಣು ಮಾಡಿ, ಮಕ್ಕಳನ್ನು ಕಟ್ಟಿಕೊಂಡು ಸಂತೆಕಲ್ಲೂರಿಗೆ ಓಡಿಬಂದರು. ಮುಂದಿನ ವರ್ಷ ಆ ಹೊಲ ಯಜಮಾನನ ಗದ್ದೆಯಾಯಿತು. ಸಮಾಧಿಯ ಮೇಲೂ ನೇಗಿಲು ಹರಿಯಿತು.

ಅಪ್ಪ ಸಾಯುವ ತನಕ ಆ ಜಾಗ ಯಾವುದೆಂದು ಕೇಳುತ್ತಲೇ ಇದ್ದ. ಅವನು ಹೋದ ಮೇಲೆ ಹುಡುಕಾಟ ನನ್ನ ಪಾಲಿಗೆ ಬಂತು. ಭಕ್ತಿಯಿಂದ ಹುಡುಕಿದೆ ಎಂದರೆ ಸುಳ್ಳಾಗುತ್ತದೆ, ಸಿಟ್ಟಿನಿಂದ ಹುಡುಕಿದೆ. ಆ ಮನೆಯವರ ಗದ್ದೆಯ ನಡುವೆ ಮುತ್ಯಾನ ಹೆಸರು ಕೊರೆಸಿದ ಕಲ್ಲು ನಿಲ್ಲಬೇಕು, ನಾಟಿ ಮಾಡುವಾಗಲೂ ಕೊಯ್ಯುವಾಗಲೂ ಅದು ಅವರ ಕಣ್ಣು ಚುಚ್ಚಬೇಕು. ನನಗಿದ್ದ ಆಸೆ ಅದೊಂದೇ. ರಜೆ ಸಿಕ್ಕಾಗಲೆಲ್ಲ ಸಿಂಧನೂರು, ಮಸ್ಕಿ, ಸಂತೆಕಲ್ಲೂರು ಎಂದು ಬಸ್ಸು ಹತ್ತಿ ನಮ್ಮ ಬಳಗದ ಹಳಬರನ್ನೆಲ್ಲ ಕಂಡೆ. ಒಬ್ಬರು ಬನ್ನಿಗಿಡದ ಬುಡ ಎಂದರು, ಒಬ್ಬರು ಬಂಡಿದಾರಿಯ ತಿರುವು ಎಂದರು, ಇನ್ನೊಬ್ಬರು ಹಳೇ ಬಾವಿಯ ಹಿಂದೆ ಎಂದರು. ಗಿಡ, ದಾರಿ, ಬಾವಿ ಯಾವುದೂ ಈಗ ಇರಲಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಭತ್ತದ ಗದ್ದೆ.

ಕೊನೆಗೆ ಮಸ್ಕಿಯಲ್ಲಿರುವ ನನ್ನ ಸೋದರತ್ತೆ, "ಮೂರೂ ಕಡಿ ಎಡಿ ಇಡೂನು ಬೇ. ಎಲ್ಲಿ ಕಾಗಿ ಮುಟ್ಟತೈತಿ, ಅಲ್ಲಿ ಅದಾನ ಮುತ್ಯಾ" ಎಂದಳು. ನನಗೆ ನಗು ಬಂತು. ಮುದುಕಿಯ ಸಮಾಧಾನಕ್ಕಾದರೂ ಆಗಲಿ ಎಂದು ಒಪ್ಪಿದೆ.

ಕಾಲುವೆ ನೀರು ನಿಂತ ಬೇಸಿಗೆ ಅದು. ಗದ್ದೆ ಒಣಗಿ ಬಿರುಕು ಬಿಟ್ಟಿತ್ತು. ಆ ಯಜಮಾನನ ಮೊಮ್ಮಗ ಬೈಕಿನ ಮೇಲೆ ಬಂದು, "ನೋಡ್ಕೊಳ್ರಿ ಟೀಚರ್, ನಮ್ದೇನ್ ಹರಕತ್ತಿಲ್ಲ" ಎಂದ. ನಮಗೆಂದು ತಣ್ಣೀರಿನ ಬಾಟಲಿ ಬೇರೆ ತಂದಿದ್ದ. ಅವನ ಒಳ್ಳೆಯತನ ಕಂಡು ನನ್ನ ಮೈ ಇನ್ನಷ್ಟು ಉರಿಯಿತು. ನಮ್ಮ ಹೊಲ ನೋಡಲು ನಮಗೇ ಅಪ್ಪಣೆ ಕೊಡುತ್ತಿದ್ದನಲ್ಲ.

ಅತ್ತೆ ಹಳಬರು ಹೇಳಿದ ಮೂರು ಜಾಗಗಳನ್ನು ಅಂದಾಜು ಮಾಡಿ, ಅಲ್ಲಿ ಮುತ್ತುಗದ ಎಲೆ ಹಾಸಿ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಕುರಿ ಮಾಂಸ ಬಡಿಸಿದಳು. ಕಾಗೆಗಳೇನೋ ಬಂದವು. ಬಂದು ಕರೆಂಟಿನ ತಂತಿಯ ಮೇಲೆ ಕೂತವು, ಕೆಳಗೆ ಇಳಿಯಲಿಲ್ಲ. ಸತ್ತವರಿಗೆ ಆಸೆ ಉಳಿದಿದ್ದರೆ ಕಾಗೆ ಎಡೆ ಮುಟ್ಟುವುದಿಲ್ಲ, ಆ ಆಸೆ ಏನಿರಬಹುದೆಂದು ಊಹಿಸಿ ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಅತ್ತೆ ಕೈಮುಗಿದು ಒಂದೊಂದೇ ಹೇಳಿದಳು. "ಮುತ್ಯಾ, ನಿನಗ ಕಲ್ಲು ಹಾಕಸ್ತೀವಿ. ನಿನ್ನ ಹೆಸರು ಕೂಸಿಗಿ ಇಡ್ತೀವಿ. ವರ್ಷಾ ಬಂದು ಎಡಿ ಕೊಡ್ತೀವಿ. ಇನ್ನೇನ್ ಬೇಕಪ್ಪಾ?" ಒಂದು ಕಾಗೆಯೂ ಅಲುಗಲಿಲ್ಲ.

ಬಿಸಿಲು ನೆತ್ತಿ ಸುಡುತ್ತಿತ್ತು. ಮೊಮ್ಮಗ ನನ್ನ ಪಕ್ಕಕ್ಕೆ ಬಂದು, "ಹೋಗ್ಲಿ ಬಿಡ್ರಿ ಟೀಚರ್, ಹಳೇದನ್ನ ಎಷ್ಟಂತ ಕೆದರ್ತೀರಿ. ನಮ್ಮ ಮುತ್ಯಾನ ಸಮಾಧಿನೂ ಇಲ್ಲೇ ಕೆಳಗಿನ ಗದ್ದ್ಯಾಗ ಐತಿ. ಅದಕ್ಕರ ಕೈ ಮುಗ್ದು ಹೋಗ್ರಿ" ಎಂದ. ಅವನ ಮುತ್ಯಾ ಎಂದರೆ ನಮ್ಮ ಮುತ್ಯಾನನ್ನು ಹೊಡೆಸಿದ ಅದೇ ಯಜಮಾನ. ನನ್ನ ಮನಸ್ಸಿನಲ್ಲಿ ಒಂದು ಮಾತು ಬಂತು: ಇವರ ಹಿರಿಯನ ಎಲುಬೂ ಹಿಂಗೇ ಕಳೀಲಿ, ಇವರೂ ಹುಡುಕಿ ಹುಡುಕಿ ಸಾಯಲಿ.

ತಕ್ಷಣ ತಂತಿಯಿಂದ ಒಂದು ಕಾಗೆ ಇಳಿದು ನಡುವಿನ ಎಡೆಗೆ ಬಾಯಿ ಹಾಕಿತು. ಉಳಿದವೂ ಅದೇ ಎಲೆಗೆ ಮುಗಿಬಿದ್ದವು. ಪಕ್ಕದ ಎರಡು ಎಲೆಗಳತ್ತ ಒಂದೂ ತಿರುಗಿ ನೋಡಲಿಲ್ಲ.

ಅಲ್ಲಿ ಅಗೆಸಿದೆವು. ಮೊಣಕಾಲಾಳದಲ್ಲಿ ಚಪ್ಪಡಿ ಕಲ್ಲು ಸಿಕ್ಕವು. ಒಂದು ಹರಳೂ ಇಲ್ಲದ ಎರೆಮಣ್ಣಿನಲ್ಲಿ ಯಾರೋ ಹೊತ್ತು ತಂದು ಹೊಂದಿಸಿಟ್ಟ ಕಲ್ಲುಗಳು. ನಾಯಿ ನರಿ ಕೆದರಬಾರದೆಂದು ಹೆಣದ ಮೇಲೆ ಹಾಗೆ ಹಾಸುತ್ತಿದ್ದರಂತೆ. ಮುಂದೆ ಅಗೆಯಲು ಅತ್ತೆ ಬಿಡಲಿಲ್ಲ. ಮಣ್ಣು ಮುಚ್ಚಿಸಿ, ಸ್ವಲ್ಪ ದಿನದಲ್ಲೇ ಹೆಸರಿನ ಕಲ್ಲು ನಿಲ್ಲಿಸಿದೆ. ಮೊಮ್ಮಗ ಬೇಡ ಎನ್ನಲಿಲ್ಲ.

ಕಾಗೆಗಳಿಗೆ ಹಸಿವಾಗಿತ್ತು, ಕಲ್ಲು ಸಿಕ್ಕಿದ್ದು ಅದೃಷ್ಟ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಮರುವರ್ಷ ಮಳೆಗಾಲದಲ್ಲಿ ಕಾಲುವೆಯ ಏರಿ ಒಡೆದು ಆ ಗದ್ದೆಗಳ ಮೇಲೆಲ್ಲ ನೀರು ನುಗ್ಗಿತು. ಬದು ಕಾಣದಂತೆ ಹೂಳು ಕೂತಿತು. ನೀರು ಇಳಿದಾಗ ಮುತ್ಯಾನ ಕಲ್ಲು ಹಾಗೇ ನಿಂತಿತ್ತು. ಅವರ ಹಿರಿಯನ ಸಮಾಧಿ ಮಾತ್ರ ಎಲ್ಲಿತ್ತೆಂದು ಅವರಿಗೇ ತಿಳಿಯದಾಯಿತು.

ಮೊಮ್ಮಗ ನಮ್ಮ ಮನೆಗೆ ಬಂದ. ಸೊರಗಿಹೋಗಿದ್ದ. "ಜೆಸಿಬಿ ತರಿಸಿ ನೋಡೀನ್ರಿ ಟೀಚರ್, ಸಿಗವಲ್ದು. ನಮ್ಮವ್ವ ಊಟಾ ಬಿಟ್ಟಾಳ. ನಿಮ್ಮತ್ತಿನ ಕಳಸ್ರಿ, ಎಡಿ ಇಟ್ಟು ನೋಡ್ಲಿ" ಎಂದು ಕೈಮುಗಿದ. ಅತ್ತೆ ಆ ದಿನ ನಮ್ಮಲ್ಲೇ ಇದ್ದಳು. ಒಳಗೆ ಅವಳು ರೊಟ್ಟಿ ಬಡಿಯುವ ಸದ್ದು ಅವನಿಗೂ ಕೇಳುತ್ತಿತ್ತು. ಅವಳು ಬರುವುದಿಲ್ಲ ಎಂದೆ. ಅವನು ಯಾಕೆಂದು ಕೇಳದೆ ಹೋದ. ನನಗೆ ಹೊಟ್ಟೆ ತಣ್ಣಗಾಯಿತು, ಮುಚ್ಚಿಡುವುದೇನು.

ಹಿಟ್ಟಿನ ಕೈಯಲ್ಲೇ ಹೊರಬಂದ ಅತ್ತೆಗೆ ಆ ದಿನ ನನ್ನ ಮನಸ್ಸಿಗೆ ಬಂದ ಮಾತನ್ನು ಮೊದಲ ಸಲ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅದು ನನಗ ಅವತ್ತೇ ಕೇಳಿಸ್ಯಾದ ಬೇ. ನೀನ ಬಾಯಿ ಬಿಟ್ಟು ಅಂದಿ ಅಂತ ತಿಳದು ಸುಮ್ಮನಾಗಿದ್ನಿ" ಎಂದಳು.

ನಾನು ತುಟಿ ಬಿಚ್ಚಿರಲಿಲ್ಲ. ಬಿಚ್ಚಿದ್ದರೆ ಪಕ್ಕದಲ್ಲೇ ಇದ್ದ ಮೊಮ್ಮಗನಿಗೆ ಕೇಳಬೇಕಿತ್ತು. ಕಲ್ಲು ನಿಲ್ಲಿಸುವ ಸೇಡು ನನ್ನದು, ಅದನ್ನು ಎಷ್ಟೋ ವರ್ಷ ಮನಸ್ಸಿನಲ್ಲಿ ಸಾಕಿದ್ದೆ. ಆ ಇನ್ನೊಂದು ಮಾತು ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ಮೊಮ್ಮಗ ಈಗಲೂ ಹುಡುಕುತ್ತಿದ್ದಾನೆ. ಅತ್ತೆಯನ್ನು ಕಳಿಸಲು ನನಗೆ ಮನಸ್ಸು ಬರುತ್ತಿಲ್ಲ. ಬರದಿರುವುದು ನನ್ನ ಮನಸ್ಸೋ ಮುತ್ಯಾನದೋ, ಅದೂ ನನಗೆ ತಿಳಿಯುತ್ತಿಲ್ಲ.